ಪಟ್ಟಿಯಲ್ಲಿ ಹೆಸರಿದೆಯೇ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಮತದಾನದ ಬಗ್ಗೆಯೇ ಇವೆ. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಬೆಟಗೇರಿಯ ವಿದ್ಯಾರ್ಥಿನಿಗೆ ಉದ್ದದ ಉತ್ತರ ಬರೆದೆನೆಂದು ಉಳಿದವರು ಬೇಸರಿಸಬಾರದು. ಅವಳ ಪ್ರಶ್ನೆ ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ. ಇಬ್ಬರು ಹೆಸರು ಬೇಡ ಎಂದಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಬಿ.ಎ. ವಿದ್ಯಾರ್ಥಿನಿ, ಬೆಟಗೇರಿ, ಗದಗ: ಅಕ್ಕೋರೆ, 2008ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ನಾಗರಿಕ ಹಕ್ಕುಗಳ ಮತ್ತು ಯುವ ಮತದಾರರ ಚರಿತ್ರೆಯಲ್ಲಿ ದೊಡ್ಡ ಘಟನೆ ಎಂದು ನಮಗೆ ಪಾಠ ಮಾಡಿದರು. ಆಗ ನಾನು ಎರಡು ವರ್ಷದ ಕೂಸು. ಯಾವುದೋ ದೇಶದಲ್ಲಿ ಯಾರೋ ಗೆದ್ದರು. ಐದು ಅಂಕದ ಉತ್ತರ ಬರೆಯುವುದನ್ನು ಬಿಟ್ಟರೆ ಅದರಿಂದ ನನಗೇನು?

ತಂಗಿ, ಐದು ಅಂಕದ್ದನ್ನು ಮೊದಲು ಮುಗಿಸಿಬಿಡೋಣ. 2008ರ ನವೆಂಬರ್ 4ರಂದು ನಡೆದ ಚುನಾವಣೆಯಲ್ಲಿ ಬರಾಕ್ ಒಬಾಮ 365 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿರುವ ಮತ) ಪಡೆದರು, ಎದುರಾಳಿ ಜಾನ್ ಮೆಕೇನ್ ಅವರಿಗೆ 173 ಬಂದವು. ಅಮೆರಿಕದ ಅಧ್ಯಕ್ಷ ಹುದ್ದೆಗೇರಿದ ಮೊದಲ ಆಫ್ರಿಕನ್ ಅಮೆರಿಕನ್ ಒಬಾಮ. ಮತಗಟ್ಟೆಯಿಂದ ಹೊರಬಂದವರನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ 30 ವರ್ಷದೊಳಗಿನ ಪ್ರತಿ ಮೂವರಲ್ಲಿ ಇಬ್ಬರು ಅವರಿಗೆ ಮತ ಹಾಕಿದ್ದಾಗಿ ಹೇಳಿದರು. ಇಷ್ಟು ಬರೆದರೆ ಅಂಕ ಸಿಗುತ್ತದೆ.

"ನನಗೇನು?" ಎಂಬುದಕ್ಕೆ ಉತ್ತರ ಬೇಕಾದರೆ 2008ನ್ನು ಬಿಟ್ಟು 46 ವರ್ಷ ಹಿಂದಕ್ಕೆ, ಮಿಸಿಸಿಪ್ಪಿ ರಾಜ್ಯದ ಒಂದು ಹತ್ತಿ ತೋಟಕ್ಕೆ ಹೋಗಬೇಕು. ಹತ್ತಿ ಎಂದರೇನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಬೀಜ ನಮ್ಮ ಎರೆಮಣ್ಣಿಗೆ ಬಂದು ಒಗ್ಗಿಕೊಂಡಿತು. ಪೇಟೆಯಲ್ಲಿ ಅದಕ್ಕೆ "ಧಾರವಾಡ ಅಮೆರಿಕನ್" ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬರುವುದು ನಿಂತಾಗ ನಮ್ಮ ಸೀಮೆಯ ಹತ್ತಿಗೆ ಕಂಡು ಕೇಳರಿಯದ ಬೆಲೆ ಬಂದಿತ್ತು. ಅವರ ಬಿಡುಗಡೆಯ ಯುದ್ಧದ ಹಣ ನಮ್ಮ ಹೊಲಗಳಿಗೂ ಹರಿದಿದೆ ಎಂಬುದನ್ನು ನಾನು ತರಗತಿಯಲ್ಲಿ ಹೇಳದೆ ಬಿಟ್ಟ ವರ್ಷವಿಲ್ಲ.

ಯುದ್ಧ ಮುಗಿದು ಗುಲಾಮಗಿರಿ ಹೋಯಿತು. ಬಣ್ಣದ ಕಾರಣಕ್ಕೆ ಯಾರಿಗೂ ಮತದ ಹಕ್ಕನ್ನು ನಿರಾಕರಿಸಬಾರದೆಂದು 1870ರಲ್ಲಿ ಅವರ ಸಂವಿಧಾನಕ್ಕೆ 15ನೇ ತಿದ್ದುಪಡಿಯೂ ಆಯಿತು. ಆದರೆ ಮತ ಹಾಕಲು ಪಟ್ಟಿಯಲ್ಲಿ ಹೆಸರಿರಬೇಕು, ಪಟ್ಟಿ ಇದ್ದದ್ದು ಬಿಳಿಯ ಗುಮಾಸ್ತನ ಮೇಜಿನ ಮೇಲೆ. ದಕ್ಷಿಣದ ರಾಜ್ಯಗಳಲ್ಲಿ ಆ ಮೇಜನ್ನು ದಾಟಲು ಕಪ್ಪು ಜನರು ತಲೆಗಂದಾಯ ಕಟ್ಟಬೇಕಿತ್ತು, ಸಾಕ್ಷರತೆಯ ಪರೀಕ್ಷೆ ಎದುರಿಸಬೇಕಿತ್ತು. ರಾಜ್ಯದ ಸಂವಿಧಾನದ ಒಂದು ಕಲಮು ಕೊಟ್ಟು ಅರ್ಥ ಬರೆಯಿರಿ ಎನ್ನುತ್ತಿದ್ದರು. ಬರೆದದ್ದು ಸರಿಯೋ ತಪ್ಪೋ ಎಂದು ಹೇಳುವವನೂ ಅದೇ ಗುಮಾಸ್ತ.

1962ರ ಆಗಸ್ಟ್ 31ರಂದು ಫ್ಯಾನಿ ಲೂ ಹೇಮರ್ ಎಂಬ 44 ವರ್ಷದ ಹೆಂಗಸು ಇನ್ನೂ 17 ಜನರೊಂದಿಗೆ ಬಸ್ಸಿನಲ್ಲಿ ಇಂಡಿಯಾನೋಲ ಎಂಬ ಊರಿಗೆ ಹೆಸರು ನೋಂದಾಯಿಸಲು ಹೋದರು. ಪರೀಕ್ಷೆಯಲ್ಲಿ ಅನುತ್ತೀರ್ಣರೆಂದು ಕಳುಹಿಸಿದರು. ಮರಳುವ ದಾರಿಯಲ್ಲಿ ಪೊಲೀಸರು ಬಸ್ ತಡೆದು ಚಾಲಕನಿಗೆ ದಂಡ ಹಾಕಿದರು. ಅವನ ಅಪರಾಧವೇನು ಗೊತ್ತೇ? ಬಸ್ಸಿನ ಬಣ್ಣ ಅತಿಯಾಗಿ ಹಳದಿಯಾಗಿತ್ತಂತೆ. ಅಂದು ಸಂಜೆಯೇ ತೋಟದ ಮಾಲೀಕ, ಅರ್ಜಿ ಹಿಂತೆಗೆದುಕೊ ಇಲ್ಲವೇ ಇಲ್ಲಿಂದ ಹೊರಡು ಎಂದ. 18 ವರ್ಷ ದುಡಿದ ಜಾಗ. ಹೇಮರ್ ಹೊರಟರು. ಮುಂದಿನ ಜನವರಿಯಲ್ಲಿ ಮತ್ತೆ ಪರೀಕ್ಷೆ ಬರೆದು ಪಟ್ಟಿಗೆ ಸೇರಿದರು. ಅದೇ ವರ್ಷ ಜೂನ್‌ನಲ್ಲಿ ಜೈಲಿನಲ್ಲಿ ಅವರನ್ನು ಹೊಡೆದ ಹೊಡೆತದ ನೋವು ಸಾಯುವವರೆಗೂ ಅವರ ಮೈಯಲ್ಲಿ ಉಳಿಯಿತು.

ಇಂಥವರ ಮನೆ ಬಾಗಿಲಿಗೆ ಹೋಗಿ "ಬನ್ನಿ, ಹೆಸರು ಬರೆಸೋಣ" ಎಂದವರು ಯಾರು ಎಂದು ಕೇಳು. ಬಹುಪಾಲು ನಿನ್ನ ವಯಸ್ಸಿನವರು. 1960ರಲ್ಲಿ ವಿದ್ಯಾರ್ಥಿಗಳು ಕಟ್ಟಿಕೊಂಡ ಒಂದು ಸಮಿತಿ ಈ ಕೆಲಸಕ್ಕಿಳಿದಿತ್ತು. 1963ರಲ್ಲಿ ಅದರ ಅಧ್ಯಕ್ಷನಾದ ಜಾನ್ ಲೂಯಿಸ್‌ಗೆ 23 ವರ್ಷ. ಅಲಬಾಮ ರಾಜ್ಯದ ಸೆಲ್ಮಾ ಪಟ್ಟಣದಲ್ಲಿ ಜನಸಂಖ್ಯೆಯ ಅರ್ಧದಷ್ಟು ಕಪ್ಪು ಜನರಿದ್ದರೂ ಅವರಲ್ಲಿ ಮತದಾರರ ಪಟ್ಟಿಗೆ ಸೇರಿದವರು ನೂರಕ್ಕೆ ಇಬ್ಬರು. 1965ರ ಮಾರ್ಚ್ 7ರ ಭಾನುವಾರ ಸುಮಾರು 600 ಜನ ಅಲ್ಲಿಂದ ರಾಜಧಾನಿ ಮಾಂಟ್ಗೊಮರಿಗೆ ನಡೆದು ಹೊರಟರು. ಎಡ್ಮಂಡ್ ಪೆಟಸ್ ಸೇತುವೆ ದಾಟುತ್ತಿದ್ದಂತೆ ಪೊಲೀಸರು ಲಾಠಿ, ಅಶ್ರುವಾಯು, ಕುದುರೆಗಳೊಂದಿಗೆ ಮೇಲೆ ಬಿದ್ದರು. ಮುಂದಿನ ಸಾಲಿನಲ್ಲಿದ್ದ ಲೂಯಿಸ್‌ನ ತಲೆಬುರುಡೆ ಒಡೆಯಿತು. ಎರಡು ವಾರದ ನಂತರ ಮತ್ತೆ ಹೊರಟು ಆ 87 ಕಿಲೋಮೀಟರ್ ನಡೆದೇ ಮುಗಿಸಿದರು. ಹುಬ್ಬಳ್ಳಿಯಿಂದ ಹೊರಟು ಹಾವೇರಿ ದಾಟಿದಷ್ಟು ದೂರ ಅದು. ಆ ವರ್ಷ ಆಗಸ್ಟ್ 6ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದರು. ಕಾಯ್ದೆಗೆ ಮೊದಲು ಮಿಸಿಸಿಪ್ಪಿಯಲ್ಲಿ ಮತದ ವಯಸ್ಸಿನ ಕಪ್ಪು ಜನರಲ್ಲಿ ನೂರಕ್ಕೆ ಏಳು ಮಂದಿಯೂ ಪಟ್ಟಿಯಲ್ಲಿರಲಿಲ್ಲ. 1967ರ ಹೊತ್ತಿಗೆ ಅದು 60ಕ್ಕೆ ಮುಟ್ಟಿತ್ತು. ಎರಡೇ ವರ್ಷ! ಆ ಜನರಿಗೆ ಆಸಕ್ತಿಯಿಲ್ಲ, ತಿಳುವಳಿಕೆಯಿಲ್ಲ ಎಂದು ನೂರು ವರ್ಷ ಹೇಳಿಕೊಂಡು ಬಂದವರಿಗೆ ಇದಕ್ಕಿಂತ ಉತ್ತರ ಬೇಕೇ?

ಇನ್ನು ವಯಸ್ಸಿನ ಮಾತು. ವಿಯೆಟ್ನಾಂ ಯುದ್ಧಕ್ಕೆ 18ರ ಹುಡುಗರನ್ನು ಕಳುಹಿಸುತ್ತಿದ್ದ ದೇಶ ಮತಕ್ಕೆ 21 ಆಗಲಿ ಎನ್ನುತ್ತಿತ್ತು. ಸಾಯಲು ಸಾಕಾಗುವ ವಯಸ್ಸು ಮತಕ್ಕೇಕೆ ಸಾಲದು ಎಂಬ ಕೂಗೆದ್ದು 1971ರಲ್ಲಿ 26ನೇ ತಿದ್ದುಪಡಿಯಿಂದ ಅದು 18ಕ್ಕೆ ಇಳಿಯಿತು. ಪಟ್ಟಿಗೆ ಸೇರಿದ ಕಪ್ಪು ಜನರು, ಪಟ್ಟಿಗೆ ಸೇರಿದ ಹುಡುಗ ಹುಡುಗಿಯರು, ಈ ಎರಡು ಸಾಲುಗಳು 2008ರಲ್ಲಿ ಒಂದೇ ಬಾಗಿಲಿಗೆ ಬಂದು ಸೇರಿದವು. 2009ರ ಜನವರಿ 20ರಂದು ಒಬಾಮ ಪ್ರಮಾಣವಚನ ತೆಗೆದುಕೊಂಡ ದಿನ ಜಾನ್ ಲೂಯಿಸ್ ಸಂಸತ್ ಸದಸ್ಯರಾಗಿ ಆ ವೇದಿಕೆಯ ಮೇಲಿದ್ದರು. ಒಂದು ಭಾವಚಿತ್ರ ಕೊಟ್ಟು ಸಹಿ ಕೇಳಿದಾಗ ಒಬಾಮ ಅದರ ಮೇಲೆ "ನಿಮ್ಮಿಂದಾಗಿ, ಜಾನ್" ಎಂದು ಬರೆದರು. ಇದನ್ನು ಓದಿ ಹೇಳುವಾಗ ತರಗತಿಯಲ್ಲಿ ನನ್ನ ಗಂಟಲು ಕಟ್ಟುತ್ತಿತ್ತು.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. 1965ರ ಕಾಯ್ದೆಯ ಪ್ರಕಾರ, ಹಿಂದೆ ಅನ್ಯಾಯ ಮಾಡಿದ ರಾಜ್ಯಗಳು ಮತದಾನದ ನಿಯಮ ಬದಲಿಸಬೇಕಾದರೆ ಕೇಂದ್ರದ ಅನುಮತಿ ಬೇಕಿತ್ತು. ಅಂಥ ರಾಜ್ಯಗಳು ಯಾವುವೆಂದು ಗುರುತಿಸುವ ಸೂತ್ರವನ್ನು 2013ರಲ್ಲಿ ಅವರ ಸುಪ್ರೀಂ ಕೋರ್ಟ್ ತೆಗೆದುಹಾಕಿತು, ಕಾವಲು ಸಡಿಲವಾಯಿತು. ಪಟ್ಟಿಯನ್ನು ಒಮ್ಮೆ ತೆರೆಸಿದರೆ ಸಾಲದು, ಮುಂದಿನವರು ಬಾಗಿಲಲ್ಲೇ ನಿಂತಿರಬೇಕಾಗುತ್ತದೆ.

ಈಗ ನಿನ್ನ ಬೆಟಗೇರಿಗೆ ಬರೋಣ. ನಮ್ಮಲ್ಲಿ ಮತದ ವಯಸ್ಸು 21ರಿಂದ 18ಕ್ಕಿಳಿದದ್ದು ಸಂವಿಧಾನದ 61ನೇ ತಿದ್ದುಪಡಿಯಿಂದ, 1989ರ ಮಾರ್ಚ್ 28ರಂದು. ಗದಗ ಆಗಿನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ನಾನು ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ ಹೊಸ ಶಿಕ್ಷಕಿ. ಹೊಸದಾಗಿ ಅರ್ಹರಾದವರ ಹೆಸರು ಬರೆದುಕೊಂಡು ಬರಲು ನನಗೆ ಬೆಟಗೇರಿಯ ನೇಕಾರರ ಓಣಿ ಸಿಕ್ಕಿತು. ಒಂದು ಮನೆಯಲ್ಲಿ ಗಂಡಸರು ಕುಣಿಮಗ್ಗದಲ್ಲಿದ್ದರು, ಸೊಸೆ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ವಯಸ್ಸೆಷ್ಟು ಎಂದೆ. ಅವಳಿಗೆ ತಿಳಿಯದು. ಅವಳ ಅತ್ತೆ, ಸೋದರತ್ತೆಯೂ ಹೌದು, "72ರ ಬರ ಬಿತ್ತಲ್ಲ, ಅದಕ್ಕಿಂತ ಎರಡು ವರ್ಷ ಮೊದಲು ಹುಟ್ಟಿದವಳು" ಎಂದರು. 19 ಆಯಿತು. ಗಂಡನ ಹೆಸರು ಕೇಳಿದೆ. ಹುಡುಗಿ ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಬರಿದೇ ಹೇಳುವ ರೂಢಿ ನಮ್ಮ ಕಡೆ ಎಲ್ಲಿತ್ತು? ಅತ್ತೆಯೇ "ಒಡಪು ಹಾಕಿ ಹೇಳು" ಎಂದು ಧೈರ್ಯ ಕೊಟ್ಟರು. ಮಗ್ಗದ ಲಾಳಿ ನಿಂತಿತು. "ಕುಣಿಮಗ್ಗದಲ್ಲಿ ನೇಯ್ದ ಸೀರೆಗೆ ಕೆಂಪು ಸೆರಗು, ಇವರ ಹೆಸರು ಹೇಳಿದರೆ ನನ್ನ ಮನೆಗೆ ಮೆರುಗು" ಎಂದು ಹೇಳಿ, ಕೊನೆಗೆ ಆ ಹೆಸರನ್ನು ಉಸಿರಿನಷ್ಟೇ ಮೆಲ್ಲಗೆ ಸೇರಿಸಿದಳು.

ನಾನು ಬರೆದುಕೊಂಡು ಏಳುವಾಗ ಅವಳು ಕೇಳಿದಳು: "ಅಕ್ಕೋರೆ, ಇದರಲ್ಲಿ ಬರುವುದು ನನ್ನ ಹೆಸರೋ, ಅವರದೋ?" ನಿನ್ನದೇ ಎಂದೆ. ಎಲ್ಲಿದೆ ತೋರಿಸಿ ಎಂದಳು. ತೋರಿಸಿದೆ. ಓದಲು ಬಾರದ ಆ ಹುಡುಗಿ ಹೆಸರಿನ ಮೇಲೆ ಬೆರಳಿಟ್ಟಳು. ಬಣ್ಣದ ನೂಲು ಹಿಡಿದ ಬೆರಳಾದ್ದರಿಂದ ಕಾಗದದ ಮೇಲೆ ಕೆಂಪು ಗುರುತು ಉಳಿಯಿತು. ನಾನು ಆ ಹಾಳೆ ಬದಲಿಸದೆ ಹಾಗೆಯೇ ಕಚೇರಿಗೆ ಕೊಟ್ಟೆ.

ಅವಳು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ "ಇಂಥವನ ತಾಯಿ", "ಇಂಥವನ ಹೆಂಡತಿ" ಎಂದೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದಕ್ಕೆ ಒಪ್ಪಲಿಲ್ಲ, ಸ್ವಂತ ಹೆಸರೇ ಬೇಕೆಂದರು. ಕೊನೆಗೂ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಹೇಮರ್ ಅವರನ್ನು ಗುಮಾಸ್ತ ತಡೆದ, ಇವರನ್ನು ತಡೆದದ್ದು ಮನೆಯ ಹೊಸ್ತಿಲು. ಆ ಸೊಸೆ ಈಗ ನಿನ್ನ ಓಣಿಯಲ್ಲೇ ಅಜ್ಜಿಯಾಗಿರಬಹುದು. ನಿನಗೇನು ಎಂದು ಕೇಳಿದೆಯಲ್ಲ, ನಿನ್ನ ಹೆಸರು ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ ನನಗೆ ಬರೆ. ಆಮೇಲೆ ಒಬಾಮ ಬಗ್ಗೆ ಇನ್ನೊಂದು ಪತ್ರ ಬರೆಯುತ್ತೇನೆ.

ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವ ಯುವಕ, ಸಪ್ತಾಪುರ, ಧಾರವಾಡ: ಮೇಡಂ, ನನ್ನ ಊರು ಹಾನಗಲ್ಲ ತಾಲ್ಲೂಕಿನಲ್ಲಿದೆ. ಮೂರು ವರ್ಷದಿಂದ ಇಲ್ಲಿ ಬಾಡಿಗೆ ಕೋಣೆಯಲ್ಲಿದ್ದೇನೆ. 23 ತುಂಬಿದರೂ ಹೆಸರು ಎಲ್ಲಿಯೂ ಸೇರಿಲ್ಲ. ಊರಲ್ಲಿ ಸೇರಿಸಲೋ, ಇಲ್ಲಿಯೋ? ಜನವರಿ ದಾಟಿದರೆ ಒಂದು ವರ್ಷ ಕಾಯಬೇಕೆಂದು ಗೆಳೆಯರು ಹೇಳುತ್ತಾರೆ.

ತಮ್ಮಾ, ಗೆಳೆಯರ ಲೆಕ್ಕ ಹಳೆಯದು. ಮೊದಲು ಜನವರಿ 1ಕ್ಕೆ 18 ತುಂಬಿದವರನ್ನು ಮಾತ್ರ ಆ ವರ್ಷ ಸೇರಿಸುತ್ತಿದ್ದರು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ, ಹೀಗೆ ನಾಲ್ಕು ಅರ್ಹತಾ ದಿನಾಂಕಗಳಿವೆ. 17 ದಾಟಿದವರು ಮುಂಗಡವಾಗಿಯೇ ಅರ್ಜಿ ಕೊಟ್ಟಿರಬಹುದು. ನಿನಗಂತೂ ಯಾವ ದಿನಾಂಕಕ್ಕೂ ಕಾಯುವ ಪ್ರಶ್ನೆಯಿಲ್ಲ. ಮೊದಲ ಸಲ ಸೇರುವವರಿಗೆ ನಮೂನೆ 6. ಆಗಲೇ ಒಂದು ಕಡೆ ಹೆಸರಿದ್ದು ವಿಳಾಸ ಬದಲಿಸುವವರಿಗೆ ನಮೂನೆ 8. ಮೊಬೈಲಿನಲ್ಲಿಯೂ ತುಂಬಬಹುದು, ನಿನ್ನ ಭಾಗದ ಬೂತ್ ಮಟ್ಟದ ಅಧಿಕಾರಿಗೆ ಕೈಯಲ್ಲಿಯೂ ಕೊಡಬಹುದು. ಅವರು ಯಾರೆಂದು ತಿಳಿಯದಿದ್ದರೆ 1950ಕ್ಕೆ ಕರೆ ಮಾಡು. ಎರಡೂ ಕಡೆ ಹೆಸರಿಡುವಂತಿಲ್ಲ. ಬೇಕೆಂದೇ ಸುಳ್ಳು ಘೋಷಣೆ ಕೊಡುವುದು ಅಪರಾಧ.

ಎಲ್ಲಿ ಎಂಬುದಕ್ಕೆ ಕಾನೂನು ಹೇಳುವುದು "ಸಾಮಾನ್ಯವಾಗಿ ವಾಸಿಸುವ ಸ್ಥಳ" ಎಂದು. ಕಾಲೇಜಿನಲ್ಲಿ ಓದುತ್ತ ವಸತಿನಿಲಯದಲ್ಲಿರುವವರು ಊರಿನ ವಿಳಾಸವನ್ನೂ ಆರಿಸಿಕೊಳ್ಳಬಹುದು. ನೀನು ಮೂರು ವರ್ಷದಿಂದ ಇಲ್ಲಿರುವವನು. ಇಲ್ಲಿಯೇ ಸೇರು ಎನ್ನುತ್ತೇನೆ ನಾನು. ಕಾರಣ ಇಷ್ಟೇ: ಮತದಾನದ ದಿನ ಬಸ್ ಹತ್ತಿ ಹಾನಗಲ್ಲಿಗೆ ಹೋಗುತ್ತೇನೆ ಎಂದವರು, ಮರುವಾರ ಪರೀಕ್ಷೆಯಿದೆ ಎಂದು ಕೋಣೆಯಲ್ಲೇ ಉಳಿದದ್ದನ್ನು ಸಪ್ತಾಪುರದಲ್ಲಿ ಬಹಳ ನೋಡಿದ್ದೇನೆ. ನಿನ್ನ ಕೊಡಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬೀಳುತ್ತದೆ, ಓದುವ ಕೋಣೆಯಿಂದ ರಾತ್ರಿ ಹನ್ನೊಂದಕ್ಕೆ ಮರಳುವ ಹುಡುಗಿಯರಿಗೆ ಬೀದಿದೀಪ ಉರಿಯುತ್ತದೆಯೇ ಇಲ್ಲವೇ, ಇವು ಈ ಊರಿನ ಪ್ರಶ್ನೆಗಳು. ಇಲ್ಲಿರುವ ಸಾವಿರಾರು ಮಕ್ಕಳು ಇಲ್ಲಿಯ ಪಟ್ಟಿಯಲ್ಲಿಲ್ಲದಿದ್ದರೆ ಮತ ಕೇಳಲು ಬರುವವರಿಗೆ ನಿಮ್ಮ ಕೋಣೆಯ ಮೆಟ್ಟಿಲು ಹತ್ತುವ ಕಾರಣವೇ ಇರುವುದಿಲ್ಲ. ಬಾಡಿಗೆ ಕರಾರು ಇಲ್ಲವೆಂದು ಹಿಂಜರಿಯಬೇಡ, ಅಧಿಕಾರಿ ಬಂದು ನೋಡಿ ಖಚಿತಪಡಿಸಿಕೊಳ್ಳಬಹುದು.

ಇನ್ನೊಂದು ಮಾತು. ಅರ್ಜಿ ಕೊಟ್ಟು ಮರೆಯಬೇಡ, ಪಟ್ಟಿ ತೆಗೆದು ಕಣ್ಣಾರೆ ನೋಡು. 1985ರ ವಿಧಾನಸಭೆ ಚುನಾವಣೆಯ ಹೊತ್ತಿಗೆ ನನಗೆ 21 ತುಂಬಿ, ಅರ್ಜಿಯನ್ನೂ ಕೊಟ್ಟಿದ್ದೆ. ಇಳಕಲ್ ಸೀರೆ ಉಟ್ಟು, ಅವ್ವನ ಜೊತೆ ಸಾಲಿನಲ್ಲಿ ನಿಂತೆ. ಮೇಜಿನ ಮುಂದೆ ಬಂದಾಗ ಅವ್ವನ ಹೆಸರಿತ್ತು, ನನ್ನದಿರಲಿಲ್ಲ. ನೋಂದಣಿ ಮಾಡುವವರ ಕೈಯಲ್ಲಿ ಎಲ್ಲಿಯೋ ಕಳೆದುಹೋಗಿತ್ತು. ಅವ್ವ ಒಳಗೆ ಹೋಗಿ ಬರುವವರೆಗೆ ಶಾಲೆಯ ಜಗಲಿಯ ಮೇಲೆ ಕುಳಿತದ್ದನ್ನು ನಾನಿನ್ನೂ ಮರೆತಿಲ್ಲ.

ರೈತರು, ರಾಣೆಬೆನ್ನೂರು: ಹೋದ ಸಲ ನಾನು ಮತಗಟ್ಟೆಗೆ ಹೋಗುವಷ್ಟರಲ್ಲಿ ನನ್ನ ಹೆಸರಿನಲ್ಲಿ ಯಾರೋ ಮತ ಹಾಕಿಬಿಟ್ಟಿದ್ದರು. ಸುಮ್ಮನೆ ಹಿಂದಿರುಗಿದೆ. ಬೇರೆ ದಾರಿ ಇತ್ತೇ?

ಇತ್ತು ಯಜಮಾನರೇ. ಮುಂದಿನ ಸಲ ದಯವಿಟ್ಟು ಹಿಂದಿರುಗಬೇಡಿ. ನೀವೇ ಆ ಮತದಾರರೆಂದು ಗುರುತು ತೋರಿಸಿ, ಮತಗಟ್ಟೆಯ ಅಧ್ಯಕ್ಷಾಧಿಕಾರಿಯಿಂದ "ಟೆಂಡರ್ಡ್ ಮತ" ಕೇಳಿ. ಯಂತ್ರದಲ್ಲಿ ಹಾಕಲು ಬಿಡುವುದಿಲ್ಲ. ಕಾಗದದ ಮತಪತ್ರ ಕೊಡುತ್ತಾರೆ, ಪಟ್ಟಿಯೊಂದರಲ್ಲಿ ಸಹಿ ಮಾಡಿಸಿಕೊಂಡು ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ. ಫಲಿತಾಂಶದ ಮೇಲೆ ಮೊಕದ್ದಮೆಯಾದರೆ ನ್ಯಾಯಾಲಯ ಅದನ್ನು ತೆರೆಸಬಹುದು.

ಎಣಿಸದ ಮತದಿಂದ ಏನು ಪ್ರಯೋಜನ ಎನ್ನಬೇಡಿ. 2004ರಲ್ಲಿ ನಮ್ಮ ರಾಜ್ಯದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ, 40,752ಕ್ಕೆ 40,751. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿಯೂ ಸಿ.ಪಿ. ಜೋಶಿ ಒಂದೇ ಮತದಿಂದ ಸೋತರು, ಅಲ್ಲಿಯ ತಕರಾರು ಟೆಂಡರ್ಡ್ ಮತಗಳನ್ನು ಹಿಡಿದುಕೊಂಡೇ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಒಬ್ಬ ತಾಯಿ, ಹುಬ್ಬಳ್ಳಿ: ಮಗಳಿಗೆ 18 ತುಂಬಿದೆ, ಚೀಟಿಯೂ ಬಂದಿದೆ. "ಎಲ್ಲರೂ ಒಂದೇ, ನಾನು ಹಾಕುವುದಿಲ್ಲ" ಎನ್ನುತ್ತಾಳೆ. ಅವರಪ್ಪ "ನಮ್ಮ ಮನೆಯ ಮತಗಳೆಲ್ಲ ಒಂದೇ ಕಡೆ ಬೀಳಬೇಕು" ಎಂದು ಗದರಿಸುತ್ತಾರೆ. ನಾನು ಯಾರ ಪರ ಮಾತಾಡಲಿ?

ಅಕ್ಕಾ, ಮಗಳ ಪರ. ಅವಳು ಹಾಕುವುದಿಲ್ಲ ಎನ್ನಲು ಅಪ್ಪನ ಆ ಮಾತೂ ಒಂದು ಕಾರಣವಾಗಿರಬಹುದು. ತನ್ನದಲ್ಲದ ಮತವನ್ನು ಹೊತ್ತುಕೊಂಡು ಹೋಗಿ ಹಾಕಲು ಯಾವ ಹರೆಯದವರಿಗೆ ಮನಸ್ಸು ಬರುತ್ತದೆ? ಯಾರೂ ಬೇಡವೆನಿಸಿದರೆ ಅದನ್ನು ಹೇಳಲಿಕ್ಕೂ 2013ರಿಂದ ಯಂತ್ರದಲ್ಲಿ ಕೊನೆಯ ಗುಂಡಿಯಿದೆ, "ಮೇಲಿನ ಯಾರೂ ಅಲ್ಲ" ಎಂದು. ಅದನ್ನಾದರೂ ಒತ್ತಿ ಬರಲಿ. ಅದರಿಂದ ಫಲಿತಾಂಶ ಬದಲಾಗುವುದಿಲ್ಲ, ಆದರೆ ಬಂದಿದ್ದೆ, ನೋಡಿದೆ, ಒಪ್ಪಲಿಲ್ಲ ಎಂಬುದು ಲೆಕ್ಕಕ್ಕೆ ಸೇರುತ್ತದೆ. ನೀವಿಬ್ಬರೂ ಕೂಡಿಯೇ ಹೋಗಿ. ಹೊರಬಂದ ಮೇಲೆ ಯಾರಿಗೆ ಹಾಕಿದೆ ಎಂದು ನೀವೂ ಕೇಳಬೇಡಿ.

ನನ್ನ ಅವ್ವ ಮೊದಲ ಸಲ ಮತ ಹಾಕಿದ್ದು 1962ರಲ್ಲಿ. ಮೈಸೂರಿನ ಅಳಿಸಲಾಗದ ಶಾಯಿ ಬಳಕೆಗೆ ಬಂದದ್ದೂ ಆ ಚುನಾವಣೆಯಲ್ಲಿಯೇ. ಅಪ್ಪ ಹಿಂದಿನ ರಾತ್ರಿ ಚಿಹ್ನೆ ಹೇಳಿಕೊಡುತ್ತಿದ್ದರು, ಅವ್ವ ಅದಕ್ಕೇ ಮುದ್ರೆ ಒತ್ತಿ ಬರುತ್ತಿದ್ದಳು. 27 ವರ್ಷ ಹೀಗೆಯೇ ನಡೆಯಿತು. 1989ರ ನವೆಂಬರಿನಲ್ಲಿ ನಾನೂ ಅವಳೂ ಒಟ್ಟಿಗೆ ಸಾಲಿನಲ್ಲಿ ನಿಂತೆವು. ಆ ಸಲ ನನ್ನ ಹೆಸರಿತ್ತು. ಮುಂದೆ ಪಕ್ಕದ ಮನೆಯ 18ರ ಹುಡುಗಿ, ಆಮೇಲೆ ಅವ್ವ, ಆಮೇಲೆ ನಾನು. ಅವ್ವ ಮರೆಯೊಳಗೆ ಹೋದವಳು ಎಂದಿಗಿಂತ ಹೆಚ್ಚು ಹೊತ್ತು ಹೊರಬರಲಿಲ್ಲ. ಮತಗಟ್ಟೆಯ ಅಧಿಕಾರಿ ಎರಡು ಸಲ ಅತ್ತ ನೋಡಿದರು.

ಮನೆಗೆ ಬಂದಾಗ ಅಪ್ಪ ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದರು. "ನಾನು ಹೇಳಿದವರಿಗೇ ಹಾಕಿದೆ ತಾನೇ?" ಎಂದು ಕೇಳಿದರು. ಅವ್ವ ಎಡಗೈಯ ಬೆರಳಿನ ಶಾಯಿ ಒಣಗಿದೆಯೇ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಪೆಟ್ಟಿಗೆಯೊಳಗೆ ಹಾಕಿದೆ" ಎಂದು ಹೇಳಿ ಚಹಾಕ್ಕೆ ನೀರಿಟ್ಟಳು.